ಎರೆಹೊಲದ ಸೀತನಿ, ಹುಬ್ಬಳ್ಳಿಯ ಖಾನಾವಳಿ

ಹುಬ್ಬಳ್ಳಿಯ ದೊಡ್ಡ ಹೋಟೆಲುಗಳ ಮೆನು ಕಾರ್ಡು ನೋಡಿ ಈಗ ಯಾವ ತಿಂಗಳು ನಡೆದಿದೆ ಅಂತ ಹೇಳುವುದು ಯಾರಿಂದಲೂ ಆಗದ ಮಾತು. ಮೇ ತಿಂಗಳಲ್ಲೂ ಗೋಬಿ ಮಂಚೂರಿ, ಡಿಸೆಂಬರಿನಲ್ಲೂ ಗೋಬಿ ಮಂಚೂರಿ. ಪನೀರ್ ಬಟರ್ ಮಸಾಲಾಕ್ಕೆ ಮಳೆಗಾಲವೂ ಇಲ್ಲ, ಚಳಿಗಾಲವೂ ಇಲ್ಲ. ನಮ್ಮ ಕಡೆ ಹವಾ ಬದಲಾದದ್ದು ತಟ್ಟೆಯಲ್ಲಿ ಕಾಣಬೇಕೆಂದರೆ ಖಾನಾವಳಿಗೆ ಹೋಗಬೇಕು. ಅಲ್ಲಿ ಕಾರ್ಡೇ ಇರುವುದಿಲ್ಲ.

ನಾನು ವಾರಕ್ಕೆರಡು ಸಲವಾದರೂ ಹೋಗುವ ಖಾನಾವಳಿ ಹಳೇ ಹುಬ್ಬಳ್ಳಿ ಕಡೆಯದು. ಒಂದು ಮನೆಯ ಪಡಸಾಲೆ, ಅಷ್ಟೇ. ನಾಲ್ಕು ಟೇಬಲ್ಲು, ಗೋಡೆ ಮೇಲೆ ಬಸವಣ್ಣನ ಫೋಟೊ, ಒಳಗಿನಿಂದ ಪಟಪಟ ರೊಟ್ಟಿ ಬಡಿಯುವ ಸಪ್ಪಳ. "ಏನ್ ಪಲ್ಯಾ ಮಾಡೀರಿ ಅಕ್ಕಾ ಇವತ್ತ?" ಅಂದರೆ "ಸಂತ್ಯಾಗ ಚಲೋ ಏನ್ ಕಾಣಿಸ್ತೋ ಅದನ್ನ ತಂದೇನ್ರಿ" ಅನ್ನುವುದು ಅವರ ಖಾಯಂ ಉತ್ತರ. ಪಲ್ಯ ಯಾವುದೆಂದು ತಟ್ಟೆ ಬಂದ ಮೇಲೆಯೇ ತಿಳಿಯುತ್ತದೆ.

ಚಳಿಗಾಲದಲ್ಲಿ ಆ ತಟ್ಟೆಯ ಗತ್ತೇ ಬೇರೆ. ಹಿಂಗಾರಿ ಬೆಳೆ ಹೊಲದಲ್ಲಿ ನಿಂತಿರುವ ಕಾಲ ಅದು. ಕಡಲೆ ಗಿಡ ಹೂಬಿಡುವ ಮುಂಚೆ ತುದಿ ಚಿವುಟುತ್ತಾರೆ. ಚಿವುಟಿದರೆ ಗಿಡ ಹೆಚ್ಚು ಟೊಂಗೆ ಒಡೆಯುತ್ತದೆ, ಚಿವುಟಿದ ಕುಡಿ ಪಲ್ಯಕ್ಕಾಗುತ್ತದೆ. ಕಡಲೆ ಎಲೆಯ ಮೇಲೆ ಗಿಡ ತಾನೇ ಹುಳಿ ಒಸರುತ್ತದೆ. ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲ ಎಂದು ಕೃಷಿ ವಿಜ್ಞಾನದವರು ಹೇಳುತ್ತಾರೆ. ರಾತ್ರಿ ಗಿಡದ ಮೇಲೆ ತೆಳು ಅರಿವೆ ಹಾಸಿ, ಮುಂಜಾನೆ ಇಬ್ಬನಿ ಸಮೇತ ಹಿಂಡಿ ಆ ಹುಳಿಯನ್ನು ಬಾಟಲಿಯಲ್ಲಿ ತುಂಬಿಡುವ ಮನೆಗಳು ಇನ್ನೂ ಇವೆ, ಹೊಟ್ಟೆನೋವಿಗೆ ಅಂತ. ಹೀಗಾಗಿ ಕಡಲೆ ಪಲ್ಯಕ್ಕೆ ಹುಣಸೆಹಣ್ಣು ಬೇಕಿಲ್ಲ. ಬಳ್ಳೊಳ್ಳಿ ಒಗ್ಗರಣೆ, ಹಸಿಮೆಣಸಿನಕಾಯಿ, ಒಂದು ಮುಷ್ಟಿ ತೊಗರಿಬೇಳೆ, ಮುಗಿಯಿತು. ತಟ್ಟೆಯ ಬದಿಗೆ ಹಸಿ ಮೆಂತ್ಯ, ಎಳೆ ಮೂಲಂಗಿ, ಹಕ್ಕರಕಿ, ಉಳ್ಳಾಗಡ್ಡಿ. ಗುರೆಳ್ಳು ಪುಡಿ, ಅಗಸಿ ಹಿಂಡಿ. ಮತ್ತು ರಂಜಕ. ಬ್ಯಾಡಗಿ ಕಡೆಯಿಂದ ಹಸಿ ಕೆಂಪು ಮೆಣಸಿನಕಾಯಿ ಬರುವುದೇ ಈ ದಿನಗಳಲ್ಲಿ. ಅದನ್ನು ಉಪ್ಪು, ಬಳ್ಳೊಳ್ಳಿ, ಲಿಂಬೆಹುಳಿ ಹಾಕಿ ರುಬ್ಬಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ, ಆದರೆ ರುಬ್ಬಿದ ವಾರದ ರುಚಿ ಆಮೇಲೆ ಇಲ್ಲ. ಆ ವಾರ ಅಕ್ಕಾರು ಕೇಳದೆಯೇ ಒಂದು ಚಮಚ ಹೆಚ್ಚು ಹಾಕುತ್ತಾರೆ.

ಈ ಸಲ ಜನವರಿಯ ಮೊದಲ ವಾರಾಂತ್ಯದಲ್ಲಿ ಇದಕ್ಕೆ ಪೂರ್ತಿ ಬೇರೆಯಾದ ಊಟವೊಂದನ್ನು ಮಾಡಿದೆ. ಶನಿವಾರ ರಾತ್ರಿ ಊರಿನ ದೊಡ್ಡ ಹೋಟೆಲೊಂದರಲ್ಲಿ ಉತ್ತರ ಕರ್ನಾಟಕ ಆಹಾರೋತ್ಸವ ಇತ್ತು. ಆಫೀಸಿನವರೆಲ್ಲ ಸೇರಿ ಹೋದೆವು. ಬಾಗಿಲಲ್ಲಿ ಚಕ್ಕಡಿ ಗಾಲಿ, ಕಂಬಳಿ ಹೊದ್ದ ಹುಡುಗ, ಇಳಕಲ್ ಸೀರೆ ಉಟ್ಟು ಆರತಿ ಹಿಡಿದ ಹುಡುಗಿಯರು. ಒಳಗೆ ಸಾಲಾಗಿ ಇಟ್ಟ ಸ್ಟೀಲಿನ ಪಾತ್ರೆಗಳು, ಕೆಳಗೆ ಸಣ್ಣ ಉರಿ. ಮುಚ್ಚಳ ತೆಗೆದರೆ ರೊಟ್ಟಿ! ಜೋಳದ ರೊಟ್ಟಿಯನ್ನು ಉಗಿಯಲ್ಲಿ ಮುಚ್ಚಿಟ್ಟರೆ ಏನಾಗುತ್ತದೆಂದು ಆ ಅಡುಗೆಯವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಂತ ಕಾಣುತ್ತದೆ. ಎತ್ತಿದರೆ ಒದ್ದೆ ಕಾಗದದಂತೆ ಜೋತುಬಿತ್ತು. ಎಣ್ಣಿಗಾಯಿಗೆ ಕೆನೆ ಬೇರೆ ಹಾಕಿದ್ದರು. ತಲೆಗೆ ಕೊಟ್ಟ ದುಡ್ಡಿನಲ್ಲಿ ಖಾನಾವಳಿಯಲ್ಲಿ ಹತ್ತು ದಿನ ಉಣ್ಣಬಹುದಿತ್ತು. ಬಡಿಸುವ ಹುಡುಗ ಪಾಪ ಒಳ್ಳೆಯವನು, "ಸರ್, ಜೋಳಾ ಮಿಲೆಟ್ ಅದ, ಹೆಲ್ದಿ" ಎಂದ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ನಮ್ಮವ್ವ ದಿನಾ ಬಡಿಯುತ್ತಿದ್ದದ್ದು ಹೀಗೆ ಆರೋಗ್ಯದ ಮದ್ದಾಗಿ ವಾಪಸ್ ಬಂದಿದೆ.

ರೊಟ್ಟಿಯ ಗುಟ್ಟು ಇಷ್ಟೇ: ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಅಂಟು ಇಲ್ಲ. ಅದಕ್ಕೇ ಎಸರು ಕುದಿಸಿ ಹಿಟ್ಟಿನ ನಡುವೆ ಸುರಿದು, ಕೈ ಸುಡುವಾಗಲೇ ನಾದಬೇಕು. ಬಡಿದು ಹಂಚಿಗೆ ಹಾಕಿದ ತಕ್ಷಣ ಒದ್ದೆ ಅರಿವೆಯಿಂದ ಮೇಲೆ ನೀರು ಸವರುತ್ತಾರೆ. ಒಣಹಿಟ್ಟೆಲ್ಲ ತೊಳೆದುಹೋಗಿ ಮೇಲ್ಮೈ ನುಣುಪಾಗುತ್ತದೆ. ನೀರು ಆರುತ್ತಿದ್ದಂತೆ ಮಗುಚಿ, ಆಮೇಲೆ ಕೆಂಡದ ಮಗ್ಗುಲಿಗೆ ಆನಿಸಿದರೆ ಉಬ್ಬುತ್ತದೆ. ಅಲ್ಲಿಂದ ತಟ್ಟೆಗೆ ಬರಲು ಅರ್ಧ ನಿಮಿಷ. ಅರ್ಧ ತಾಸಾದರೆ ಅದು ಬೇರೆಯೇ ಪದಾರ್ಥ. ಇಲ್ಲವೇ ಪೂರ್ತಿ ಒಣಗಿಸಿ ಖಡಕ್ ಮಾಡಿಬಿಡಬೇಕು. ನಡುವಿನ ದಾರಿ ಯಾವುದೂ ಇಲ್ಲ.

ಮರುದಿನ ಭಾನುವಾರ ಗೆಳೆಯನೊಬ್ಬ ಮುಂಜಾನೆಯೇ ಫೋನ್ ಮಾಡಿದ. "ನಮ್ಮ ಕಾಕಾನ ಹೊಲದಾಗ ಸೀತನಿ ಹದಕ್ಕ ಬಂದಾವ. ಇನ್ನ ನಾಕ್ ದಿನ ಬಿಟ್ರ ಕಾಳು ಗಟ್ಟಿ ಆಗ್ತಾವ. ಬರ್ತಿಯೋ ಇಲ್ಲೋ?" ಸೀತನಿ ಅಂದರೆ ಕೆಂಡದಲ್ಲಿ ಸುಟ್ಟು ತಿನ್ನುವ ಎಳೆ ಜೋಳದ ತೆನೆ. ಹೊಲ ಇರುವುದು ನವಲಗುಂದದ ಕಡೆ. ಹುಬ್ಬಳ್ಳಿ ದಾಟಿ ಸ್ವಲ್ಪ ಹೋದರೆ ಸಾಕು, ಎಡಕ್ಕೂ ಬಲಕ್ಕೂ ಎರೆಮಣ್ಣು. ಕಣ್ಣಿಗೆ ಗುಡ್ಡ ಅಡ್ಡ ಬರುವುದಿಲ್ಲ. ಜೋಳ, ಕಡಲೆ, ಗೋಧಿ ಪಟ್ಟೆ ಪಟ್ಟೆಯಾಗಿ ನಿಂತಿದ್ದವು. ಜೋಳದ ಹೊಲದ ಅಂಚಿಗೆ ಕುಸುಬಿ. ಅದರ ಮುಳ್ಳಿಗೆ ದನ ಒಳಗೆ ನುಗ್ಗುವುದಿಲ್ಲ. ಬೇಲಿಯೂ ಆಯಿತು, ಎಣ್ಣೆಯೂ ಆಯಿತು.

ಹಿಂಗಾರಿ ಜೋಳ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ್ದು. ಮಳೆ ನಿಂತ ಮೇಲೆ ಎರೆಮಣ್ಣು ಹಿಡಿದಿಟ್ಟುಕೊಂಡ ತೇವ ಮತ್ತು ಬೆಳಗಿನ ಇಬ್ಬನಿ, ಇಷ್ಟರಲ್ಲೇ ಬೆಳೆ ನಿಲ್ಲಬೇಕು. ತೆನೆಯಲ್ಲಿ ಹಾಲು ತುಂಬಿ, ಅದು ಇನ್ನೂ ಹಿಟ್ಟಾಗಿ ಗಟ್ಟಿಯಾಗದ ಒಂದು ವಾರ, ಹತ್ತು ದಿನ ಮಾತ್ರ ಸೀತನಿಯ ಕಾಲ. ಆಗ ಕಾಳಿನಲ್ಲಿ ಸಕ್ಕರೆ ಇರುತ್ತದೆ, ಆಮೇಲೆ ಅದೇ ಪಿಷ್ಟವಾಗಿ ಸಿಹಿ ಅಡಗುತ್ತದೆ. ಎಲ್ಲ ಜೋಳವೂ ಸೀತನಿಗೆ ಒಗ್ಗುವುದಿಲ್ಲ. ರೊಟ್ಟಿಗೆ ಹೆಸರಾದ ಮಾಲದಂಡಿಯನ್ನೂ ಸುಟ್ಟು ತಿನ್ನಬಹುದು, ಅಡ್ಡಿಯಿಲ್ಲ. ಆದರೆ ಸೀತನಿಗೆಂದೇ ಹಿರಿಯರು ಇಟ್ಟುಕೊಂಡು ಬಂದ ತಳಿಗಳಿವೆ. ಕಾಕಾ ನಾಲ್ಕು ಸಾಲು ಸಕ್ಕರಿ ಮುಕ್ಕರಿ ಹಾಕಿದ್ದರು. ಮಾರಲಿಕ್ಕಲ್ಲ, ಬಂದವರಿಗೆ ತಿನ್ನಿಸಲಿಕ್ಕೆ.

ನಾವು ಹೋಗುವಷ್ಟರಲ್ಲಿ ಅವರು ಮೊಣಕಾಲುದ್ದದ ಕುಣಿ ತೋಡಿ ಕುಳ್ಳಿನ ಉರಿ ಹಾಕಿದ್ದರು. ಉರಿ ಆರಿ ಕೆಂಡವಾಗುವವರೆಗೆ ತೆನೆ ಮುಟ್ಟಗೊಡಲಿಲ್ಲ. "ಉರ್ಯಾಗ ಹಾಕಿದ್ರ ಮ್ಯಾಲ ಸುಡತೈತಿ, ಒಳಗ ಹಸೀ ಉಳೀತೈತಿ. ಅವಸರ ಮಾಡಬ್ಯಾಡ್ರೀ" ಎಂದರು. ತಾವೇ ಹೊಲಕ್ಕಿಳಿದು ಒಂದೊಂದೇ ತೆನೆಯ ಕಾಳನ್ನು ಉಗುರಿನಿಂದ ಒತ್ತಿ ನೋಡಿ ಮುರಿದು ತಂದರು. ಹಾಲು ಚಿಮ್ಮಿದರೆ ಎಳೆಯದು, ಬಿಡು. ಉಗುರು ಇಳಿಯದಿದ್ದರೆ ಬಲಿತದ್ದು, ಅದನ್ನೂ ಬಿಡು. ಬೆಣ್ಣೆಯ ಹಾಗೆ ಒಳಗಿಳಿದರೆ ತಗೋ. ಏಳೆಂಟು ತೆನೆಗಳನ್ನು ದಂಟು ಹೊರಗಿರುವಂತೆ ಕೆಂಡದಲ್ಲಿ ಚುಚ್ಚಿ, ಮೇಲೆ ಬೂದಿ ಎಳೆದರು. ಚಿಟಚಿಟ ಸಪ್ಪಳ ಬರಲು ಶುರುವಾದ ಮೇಲೆ ಒಂದೊಂದನ್ನೇ ತಿರುವುತ್ತ ಹೋದರು. ಹಸಿರು ಕಾಳು ಹಳದಿಗೆ ತಿರುಗಿ, ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದಾಗ ತೆಗೆದರು.

ಆಮೇಲಿನ ಕೆಲಸ ಕೈಯದು. ಬಿಸಿ ತೆನೆಯನ್ನು ಗೋಣಿತಾಟಿನ ಮೇಲೆ ಇಟ್ಟು ಅಂಗೈಯಿಂದ ತಿಕ್ಕಬೇಕು. ಕಾಕಾನ ಅಂಗೈಗೆ ಬಿಸಿ ತಾಗುವುದಿಲ್ಲ. ನಮ್ಮದು ಕಂಪ್ಯೂಟರ್ ಒತ್ತುವ ಕೈ, ಒಂದು ತೆನೆಗೇ ಉಫ್ ಉಫ್ ಅಂದೆವು. ಕಾಳು ಉದುರಿದ ಮೇಲೆ ಚಿಗವ್ವ ಅದನ್ನು ಮೊರಕ್ಕೆ ಹಾಕಿ ಎರಡು ಸಲ ಎಗರಿಸಿದರು. ಹೊಟ್ಟು, ಬೂದಿ ಗಾಳಿಗೆ ಹೋಯಿತು, ಕಾಳು ಉಳಿಯಿತು. ಬೊಗಸೆಗೆ ಹಾಕಿಕೊಟ್ಟರು.

ಬಿಸಿ ಕಾಳು ಬಾಯಿಗೆ ಬಿದ್ದರೆ ಮೊದಲು ಹೊಗೆ ವಾಸನೆ, ಹಲ್ಲಿಗೆ ಸಿಕ್ಕರೆ ಸಿಹಿ. ಜಗಿಯುವಷ್ಟೂ ಸಿಹಿ ಹೆಚ್ಚಾಗುತ್ತದೆ. ಜೊತೆಗೆ ಶೇಂಗಾ ಚಟ್ನಿಪುಡಿ, ಬೆಲ್ಲ, ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು. ಒಂದು ಮುಕ್ಕು ಸಿಹಿ, ಒಂದು ಮುಕ್ಕು ಖಾರ, ನಡುವೆ ಮೊಸರು. ನನಗೆ ಬೆಲ್ಲಕ್ಕಿಂತ ಖಾರದ ಜೋಡಿಯೇ ಸರಿ ಅನಿಸಿತು. ಸಿಹಿಗೆ ಸಿಹಿ ಯಾಕೆ ಬೇಕು? ಗೆಳೆಯ ಒಪ್ಪಲಿಲ್ಲ. ಸಾಕು ಅನ್ನುವುದು ಗೊತ್ತಾಗುವುದೇ ಇಲ್ಲ, ಏಕೆಂದರೆ ತೆನೆ ಸ್ವಲ್ಪ ಸ್ವಲ್ಪವೇ ಬರುತ್ತದೆ, ನಡುವೆ ಮಾತು ನಡೆಯುತ್ತದೆ. ಊಟದ ಬುತ್ತಿ ಬೇರೆ ತಂದಿದ್ದರು, ಅದನ್ನು ಬಿಚ್ಚಲೇ ಇಲ್ಲ. ಬುತ್ತಿ ಹಾಗೇ ವಾಪಸ್ಸಾಯಿತೆಂದು ಚಿಗವ್ವ ಸಿಟ್ಟಾದರು.

ಮಾತೆಂದರೆ ಹೆಚ್ಚಾಗಿ ಹಕ್ಕಿಯದು. ಸುತ್ತಲಿನ ಹೊಲಗಳವರೆಲ್ಲ ಕಡಲೆಗೆ ತಿರುಗಿದ್ದಾರೆ. ಜೋಳದ ತೆನೆ ಇರುವುದು ಒಬ್ಬರದೇ ಹೊಲವಾದರೆ ಸೀಮೆಯ ಹಕ್ಕಿಗಳೆಲ್ಲ ಅಲ್ಲಿಗೇ ಇಳಿಯುತ್ತವೆ. ಮೊದಲು ಎಲ್ಲರೂ ಹಾಕುತ್ತಿದ್ದರು, ಹಕ್ಕಿಯ ಪಾಲು ಹಂಚಿಹೋಗುತ್ತಿತ್ತು. ಕೊಯ್ಯುವವರೂ ಸಿಗುವುದಿಲ್ಲ. ಜೋಳ ಬಿಟ್ಟರೆ ದನಕ್ಕೆ ಕಣಿಕೆ ಇಲ್ಲ, ಕಣಿಕೆ ಇಲ್ಲದ್ದಕ್ಕೆ ದನ ಮಾರಿದವರೂ ಇದ್ದಾರೆ. ಕಾಕಾ ಇದನ್ನೆಲ್ಲ ಅಳುಮೋರೆ ಮಾಡಿಕೊಂಡು ಹೇಳಲಿಲ್ಲ, ಲೆಕ್ಕ ಒಪ್ಪಿಸಿದ ಹಾಗೆ ಹೇಳಿದರು.

ಗೆಳೆಯನದು ಇನ್ನೊಂದು ಲೆಕ್ಕ. ಸೊಲ್ಲಾಪುರದ ಕಡೆ ಇದನ್ನೇ ಹುರ್ಡಾ ಪಾರ್ಟಿ ಅನ್ನುತ್ತಾರೆ. ಮಹಾರಾಷ್ಟ್ರದಲ್ಲಿ ಪಟ್ಟಣದವರು ಚಳಿಗಾಲದ ವಾರಾಂತ್ಯಕ್ಕೆ ದುಡ್ಡು ಕೊಟ್ಟು ಹೊಲಕ್ಕೆ ಬರುತ್ತಾರೆ. ಹುರ್ಡಾ, ಊಟ, ಚಕ್ಕಡಿ ಸವಾರಿ ಎಲ್ಲ ಸೇರಿ ತಲೆಗಿಷ್ಟು. "ನೀನೂ ಮಾಡ ಕಾಕಾ, ಹುಬ್ಬಳ್ಳಿಯಿಂದ ಮಂದಿ ನಾ ತರ್ತೀನಿ" ಎಂದ. ಕಾಕಾ ನಕ್ಕರು. "ಹೊಲಕ್ಕ ಬಂದಾವರ ಕಡೆ ರೊಕ್ಕಾ ತಗೊಳ್ಳೋದಂದ್ರ ಹೆಂಗಪಾ?" ಎಂದವರು ತುಸು ಹೊತ್ತು ಬಿಟ್ಟು, "ಎಷ್ಟ್ ತಗೋತಾರ ಅವ್ರು?" ಅಂತಲೂ ಕೇಳಿದರು. ಎಲ್ಲರೂ ಗೊಳ್ಳೆಂದೆವು. ನನಗಂತೂ ಅದರಲ್ಲಿ ತಪ್ಪು ಕಾಣುವುದಿಲ್ಲ. ನಾಲ್ಕು ಸಾಲು ಸಕ್ಕರಿ ಮುಕ್ಕರಿ ನಾಲ್ಕು ಎಕರೆಯಾಗುವುದಿದ್ದರೆ ರೊಕ್ಕ ತಗೊಳ್ಳಲಿ. ಚಕ್ಕಡಿ ಗಾಲಿಗೆ ಬಣ್ಣ ಬಳಿದು ಬಾಗಿಲಿಗೆ ಆನಿಸಿಡುವ ಮಟ್ಟಕ್ಕೆ ಹೋಗದಿದ್ದರೆ ಆಯಿತು.

ಬರುವಾಗ ರಸ್ತೆ ಬದಿಯಲ್ಲಿ ಸುಲಗಾಯಿ ಮಾರುತ್ತಿದ್ದರು, ಬುಡ ಸಮೇತ ಕಿತ್ತ ಹಸಿ ಕಡಲೆ ಗಿಡಗಳ ಕಟ್ಟು. ಎರಡು ಕಟ್ಟು ತಗೊಂಡು ಕಾರಿನಲ್ಲಿ ಸುಲಿದು ತಿನ್ನುತ್ತ ಬಂದೆವು. ಹೊಟ್ಟೆಯಲ್ಲಿ ಜಾಗವಿರಲಿಲ್ಲ, ಆದರೂ ಕೈ ಬಿಡಲಿಲ್ಲ. ಸೀಟಿನ ತುಂಬ ಸಿಪ್ಪೆ.

ಸೋಮವಾರ ಖಾನಾವಳಿಯಲ್ಲಿ ಅಕ್ಕಾರಿಗೆ ಇದೆಲ್ಲ ಹೇಳಿದೆ. ಆಹಾರೋತ್ಸವದ ರೊಟ್ಟಿಯ ಸುದ್ದಿ ಕೇಳಿ ಲಟ್ಟಣಿಗೆಯಿಂದ ಲಟ್ಟಿಸಿರಬೇಕೆಂದು ಅನುಮಾನಪಟ್ಟರು, ಅದೇ ಅವರಿಗೆ ದೊಡ್ಡ ಅಪರಾಧ. ಸೀತನಿಯ ಸುದ್ದಿಗೆ ಮಾತ್ರ, "ಸಣ್ಣಾಕಿದ್ದಾಗ ತಿಂದೀನ್ರಿ, ಲಗ್ನಾಗಿ ಈ ಊರಿಗೆ ಬಂದಮ್ಯಾಲ ಇಲ್ಲ" ಎಂದು ಒಳಗೆ ಹೋದರು. ಮುಂದಿನ ಭಾನುವಾರ ಬರುತ್ತೀರಾ ಎಂದು ಕೇಳಿದ್ದಕ್ಕೆ ಭಾನುವಾರವೇ ಗಿರಾಕಿ ಹೆಚ್ಚು, ಬಾಗಿಲು ಹಾಕಲಿಕ್ಕಾಗದು ಅಂದರು.

ಈಗ ಭೋಗಿ ಬಂತು. ಸಂಕ್ರಾಂತಿಯ ಹಿಂದಿನ ದಿನ ಅವರಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಕುಂಬಳಕಾಯಿ ಪಲ್ಯ, ಬೆಣ್ಣೆ. ವರ್ಷಕ್ಕೆ ಒಂದೇ ದಿನ. ಬೋರ್ಡು ಹಾಕುವುದಿಲ್ಲ, ಖಾಯಂ ಗಿರಾಕಿಗಳು ಹಿಂದಿನ ದಿನವೇ ಎಷ್ಟು ಮಂದಿ ಅಂತ ಹೇಳಿಟ್ಟಿರಬೇಕು. ಒಂದು ಗಂಟೆಗೆ ಹೋದರೆ ಸಜ್ಜಿ ರೊಟ್ಟಿ ಮುಗಿದು ಜೋಳದ್ದು ಶುರುವಾಗಿರುತ್ತದೆ. ನಾನು ಇಬ್ಬರಿಗೆ ಹೇಳಿಟ್ಟಿದ್ದೇನೆ, ಹನ್ನೆರಡಕ್ಕೆ.