ಹಿಂದಕ್ಕೆ ಎಣಿಸಿದ ದಿನಗಳು

14 ಜುಲೈ 2025, ಸೋಮವಾರ, ರಾತ್ರಿ 10.40

ಸೊಳ್ಳೆ ಕಚ್ಚಿದ್ದಲ್ಲ.

ಶುಕ್ರವಾರ ರಾತ್ರಿ ದೊಡ್ಡವಳಿಗೆ ಮೈ ಸ್ವಲ್ಪ ಬೆಚ್ಚಗಿತ್ತು. ಶನಿವಾರ ಸಂಜೆ ಕಿವಿಯ ಹಿಂದೆ ಒಂದು ಕೆಂಪು ಚುಕ್ಕೆ ಕಂಡಿತು. ಸೊಳ್ಳೆ ಅಂದೆ. ನಿನ್ನೆ ಹೊಟ್ಟೆ ಮೇಲೆ ನಾಲ್ಕೈದು ಎದ್ದವು. ಬೆವರುಸಾಲೆ ಅಂದೆ. ಇವತ್ತು ಬೆಳಿಗ್ಗೆ ಸ್ನಾನಕ್ಕೆ ಅಂಗಿ ಬಿಚ್ಚಿದರೆ ಬೆನ್ನ ತುಂಬ ಅವೇ. ಇನ್ನೊಂದು ನೆಪ ನನಗೆ ಹೊಳೆಯಲಿಲ್ಲ.

ಕಿಟಕಿ ಬೆಳಕಿಗೆ ತಿರುಗಿಸಿ ನಿಲ್ಲಿಸಿ ನೋಡಿದೆ. ಕೆಲವು ಬರೀ ಕೆಂಪು ಚುಕ್ಕೆ. ಕೆಲವು ಉಬ್ಬಿಕೊಂಡು ಒಳಗೆ ತಿಳಿನೀರು ತುಂಬಿಕೊಂಡಿವೆ, ಯಾರೋ ಚರ್ಮದ ಮೇಲೆ ಒಂದೊಂದೇ ಹನಿ ಇಟ್ಟು ಹೋದ ಹಾಗೆ. ಕಿವಿ ಹಿಂದಿನ ಮೊದಲನೆಯದು ಮಾತ್ರ ನಡುವೆ ಕುಳಿ ಬಿದ್ದು ಕಂದು ಬಣ್ಣಕ್ಕೆ ತಿರುಗಿತ್ತು. "ಅಮ್ಮಾ, ಬೇಗ ನೋಡು, ಚಳಿ ಆಗ್ತಿದೆ" ಅಂತ ಅವಳು ಕೆರೆದುಕೊಳ್ಳುತ್ತಾ ಕುಣಿಯುತ್ತಿದ್ದಳು.

ಡಾಕ್ಟರು ನೋಡಿದ್ದು ಎರಡೇ ನಿಮಿಷ. ಚಿಕನ್ ಪಾಕ್ಸ್ ಅಂದರು. ಸೀತಾಳೆ ಸಿಡುಬು. ರಕ್ತ ತೆಗೆಯಲಿಲ್ಲ, ಏನೂ ಬರೆಯಲಿಲ್ಲ. "ಟೆಸ್ಟ್ ಬೇಡ್ವಾ ಡಾಕ್ಟ್ರೇ?" ಅಂತ ಕೇಳಿದೆ. ಪೆನ್ನಿನ ತುದಿಯಿಂದ ಬೆನ್ನ ಮೇಲಿನ ಮೂರು ಜಾಗ ತೋರಿಸಿದರು. "ಇದು ಇವತ್ತಿಂದು, ಇದು ನಿನ್ನೇದು, ಇದು ಮೊನ್ನೇದು. ಮೂರೂ ಅಕ್ಕಪಕ್ಕದಲ್ಲೇ ಇವೆ ಅಲ್ವಾ? ಇದೇ ಟೆಸ್ಟ್." ಹಳೆಯ ದೊಡ್ಡ ಸಿಡುಬಿನಲ್ಲಿ ಹೀಗಿರುತ್ತಿರಲಿಲ್ಲವಂತೆ. ಒಂದು ಜಾಗದ ಗುಳ್ಳೆಗಳೆಲ್ಲ ಒಟ್ಟಿಗೇ ಎದ್ದು ಒಟ್ಟಿಗೇ ಮಾಗುತ್ತಿದ್ದವು, ಅದೂ ಮುಖ, ಕೈಕಾಲಿನಲ್ಲೇ ಜಾಸ್ತಿ. ಆ ಕಾಯಿಲೆ 1977ರಲ್ಲಿ ಸೋಮಾಲಿಯಾದ ಒಬ್ಬರಿಗೆ ತಾನಾಗಿ ಹರಡಿ ಬಂದದ್ದೇ ಕೊನೆ. 1980ರಲ್ಲಿ ಭೂಮಿಯಿಂದಲೇ ಹೋಯಿತು ಅಂತ ಘೋಷಿಸಿದರು. ಇದು ಹೋಗಿಲ್ಲ. ನಮ್ಮನೆಗೆ ಬಂದಿದೆ.

ಆಮೇಲೆ ಡಾಕ್ಟರು ಕೇಳಿದ ಪ್ರಶ್ನೆ ಇವತ್ತಿಡೀ ನನ್ನ ತಲೆಯಲ್ಲಿ ಕೂತಿದೆ. "ಮೊದಲನೇ ಗುಳ್ಳೆ ಯಾವತ್ತು ಬಂತು? ಸರಿಯಾಗಿ ನೆನಪು ಮಾಡ್ಕೊಳ್ಳಿ."

ಶನಿವಾರ, 12ನೇ ತಾರೀಕು. ಅಲ್ಲಿಂದ ಅವರು ಹಿಂದಕ್ಕೆ ಎಣಿಸಿದರು. ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಇದು ಬೇರೆಯವರಿಗೆ ಹರಡೋಕೆ ಶುರುವಾಗುತ್ತದೆ. ಅಂದರೆ ಗುರುವಾರ ಮತ್ತು ಶುಕ್ರವಾರ. ಆ ಎರಡೂ ದಿನ ಅವಳು ಶಾಲೆಗೆ ಹೋಗಿದ್ದಳು. ಆಡಿದ್ದಳು. ಎಲ್ಲರ ಮೈಮೇಲೆ ಬಿದ್ದಿದ್ದಳು. ಆರೋಗ್ಯವಾಗಿದ್ದಾಳೆ ಅಂತ ನಾವು ಅಂದುಕೊಂಡಿದ್ದ ಆ ಎರಡು ದಿನಗಳಲ್ಲೇ ಹಂಚಿಕೆ ಶುರುವಾಗಿತ್ತು.

ಇನ್ನೂ ಹಿಂದಕ್ಕೆ ಹೋದರೆ, ಅವಳಿಗೆ ತಾಗಿದ್ದು ಯಾವಾಗ? ವೈರಸ್ ಒಳಗೆ ಹೋದ ಮೇಲೆ ಗುಳ್ಳೆ ಕಾಣಲು 10ರಿಂದ 21 ದಿನ ಬೇಕು, ಹೆಚ್ಚಾಗಿ ಎರಡು ವಾರದ ಮೇಲೆ ಒಂದೆರಡು ದಿನ. ಜೂನ್ 27ರಂದು ಪಕ್ಕದಲ್ಲಿ ಕೂರುವ ಹುಡುಗ ಜ್ವರ ಅಂತ ಮಧ್ಯಾಹ್ನವೇ ಮನೆಗೆ ಹೋಗಿದ್ದ. ಇವಳೇ ಬಂದು ಹೇಳಿದ್ದಳು. ಲೆಕ್ಕ ಹಾಕಿದೆ. ಸರಿಯಾಗಿ 15 ದಿನ. ಅವನಿಗೆ ಆಮೇಲೆ ಏನಾಯಿತು ಅಂತ ಶಾಲೆಯವರು ಯಾರಿಗೂ ಹೇಳಿರಲಿಲ್ಲ. ಇವತ್ತು ನಾನೇ ಫೋನ್ ಮಾಡಿ ಕೇಳಿದಾಗ "ಹೌದು, ಅವನಿಗೂ ಅದೇ" ಅಂದರು. ಒಂದು ಮೆಸೇಜ್ ಹಾಕಿದ್ದರೆ ಏನಾಗುತ್ತಿತ್ತೋ. "ಗುಳ್ಳೆ ಇರೋವಾಗ ಕಳಿಸ್ಬೇಡಿ" ಅಂತ ಮಾತ್ರ ಎರಡು ಸಲ ಹೇಳಿದರು.

ಆದರೆ ಬೈಯೋ ಹಕ್ಕು ನನಗೂ ಅಷ್ಟಿಲ್ಲ. ಇದಕ್ಕೆ ಲಸಿಕೆ ಇದೆ. ಎರಡು ಡೋಸ್. ಹಾಕಿಸಬೇಕು ಅಂತ ಮೂರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ಒಂದು ಸಲ ಇವಳಿಗೆ ನೆಗಡಿ, ಇನ್ನೊಂದು ಸಲ ಪರೀಕ್ಷೆ, ಮತ್ತೊಂದು ಸಲ ಸುಮ್ನೆ ಮರೆತೆ. ಚಿಕ್ಕವನಿಗೂ ಹಾಕಿಸಿಲ್ಲ. ಡಾಕ್ಟರು ಮತ್ತೆ ಬೆರಳು ಮಡಚಿ ಎಣಿಸಿದರು. ಸೋಂಕು ತಗುಲಿದ 3ರಿಂದ 5 ದಿನದೊಳಗೆ ಲಸಿಕೆ ಹಾಕಿದರೆ ಕಾಯಿಲೆ ಬರದೇ ಇರಬಹುದು, ಬಂದರೂ ಹಗುರವಾಗಿರುತ್ತೆ. ಗುರುವಾರದಿಂದ ಇವತ್ತಿಗೆ ನಾಲ್ಕು ದಿನ. ಮಧ್ಯಾಹ್ನವೇ ಚಿಕ್ಕವನನ್ನು ಎತ್ತಿಕೊಂಡು ಹೋಗಿ ಹಾಕಿಸಿದೆ. ನಾಳೆ ಆಗಿದ್ದರೆ ಕೊನೇ ದಿನ. ನಾಳಿದ್ದು ಹೋಗಿದ್ದರೆ ಈ ಸಲಕ್ಕೆ ನಂಬೋ ಹಾಗಿರಲಿಲ್ಲ.

ದೊಡ್ಡವರ ಲೆಕ್ಕ ಸುಲಭ. ನನಗೆ ಚಿಕ್ಕಂದಿನಲ್ಲೇ ಆಗಿದೆ, ಹುಬ್ಬಿನ ಮೇಲೆ ಕಲೆ ಇನ್ನೂ ಇದೆ. ಇವರಿಗೆ ನೆನಪಿಲ್ಲ. ಅತ್ತೆಗೆ ಫೋನ್ ಮಾಡಿದರು. "ಆಗಿತ್ತು ಕಣೋ, ಕೆರ್ಕೊಂಡು ಕೆರ್ಕೊಂಡು ನನ್ನ ನಿದ್ದೆ ಹಾಳು ಮಾಡಿದ್ದೆ" ಅಂತ ಅತ್ತೆ ಅಂದರು. ನಲವತ್ತು ವರ್ಷದ ಹಿಂದಿನ ಆ ಸಿಟ್ಟೇ ಇವತ್ತು ನಮಗೆ ದಾಖಲೆ.

ಕಷ್ಟ ಆಗಿದ್ದು ಎದುರುಮನೆಗೆ ಫೋನ್ ಮಾಡೋದು. ಆ ಮನೆಯವಳು ಐದು ತಿಂಗಳ ಬಸುರಿ. ಶುಕ್ರವಾರ ಸಂಜೆ ನಮ್ಮನೆಗೆ ಬಂದು ಒಂದು ಗಂಟೆ ಕೂತಿದ್ದಳು. ನನ್ನ ಮಗಳು ಅವಳ ಹೊಟ್ಟೆಗೆ ಕಿವಿ ಹಚ್ಚಿ "ಪಾಪು ಏನೋ ಹೇಳ್ತಿದೆ" ಅಂತ ನಗುತ್ತಿದ್ದಳು. ಆ ಚಿತ್ರ ಕಣ್ಣೆದುರು ಬಂದು ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಬಸುರಿಯರಿಗೆ ಇದು ಬಂದರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಇದೆ, ಮಗುವಿಗೂ ಅಪರೂಪಕ್ಕೆ ತೊಂದರೆ ಆಗಬಹುದು. ಫೋನ್ ಹಿಡಿದು ಅರ್ಧ ಗಂಟೆ ಸುಮ್ಮನೆ ಕೂತೆ. ಸುಮ್ನೆ ಹೆದರಿಸಿದ ಹಾಗಾಗುತ್ತಾ? ಹೇಳದೇ ಇದ್ದರೆ? ಕೊನೆಗೆ ಮಾಡಿದೆ.

"ನಿಂಗೆ ಚಿಕ್ಕೋಳಿದ್ದಾಗ ಚಿಕನ್ ಪಾಕ್ಸ್ ಆಗಿತ್ತಾ?"

"ಗೊತ್ತಿಲ್ವಲ್ಲ ಅಕ್ಕ. ಅಮ್ಮ ಇದ್ದಿದ್ರೆ ಕೇಳಬಹುದಿತ್ತು."

ಅದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ. ಇವತ್ತೇ ನಿನ್ನ ಡಾಕ್ಟರ ಹತ್ತಿರ ಹೋಗು ಅಂದೆ. ಹೋಗೋ ಮೊದಲು ಫೋನ್ ಮಾಡಿ ಹೇಳು, ಕಾಯೋ ಕೋಣೆಯಲ್ಲಿ ಬೇರೆ ಬಸುರಿಯರು ಇರ್ತಾರೆ ಅಂದೆ. ಶುಕ್ರವಾರ ತಾಗಿದ್ದರೆ ಅವಳಿಂದ ಯಾರಿಗೂ ಹರಡೋ ದಿನ ಇನ್ನೂ ಬಂದಿಲ್ಲ, ಅದು ಗೊತ್ತು. ಆದರೂ ಅಂದೆ. ಸಂಜೆ ಅವಳೇ ತಿಳಿಸಿದಳು. ರಕ್ತ ತೆಗೆದಿದ್ದಾರೆ. ಹಿಂದೆ ಕಾಯಿಲೆ ಬಂದು ಹೋಗಿದ್ದರೆ ಅದರ ಗುರುತು, ವೈರಸ್ ಜೊತೆ ಹೋರಾಡೋಕೆ ಮೈ ತಾನೇ ಮಾಡಿಕೊಳ್ಳೋ ಐಜಿಜಿ ಅನ್ನೋ ಪ್ರತಿಕಾಯ, ರಕ್ತದಲ್ಲಿ ಇರುತ್ತೆ. ಇದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್ ಇದೆ, 10 ದಿನದೊಳಗೆ, ಬೇಗ ಕೊಟ್ಟಷ್ಟೂ ಒಳ್ಳೇದು. ಬಸುರಿಯರಿಗೆ ಇದರ ಲಸಿಕೆ ಹಾಕುವ ಹಾಗಿಲ್ಲ, ಅದರಲ್ಲಿ ಸೊರಗಿಸಿದ ಜೀವಂತ ವೈರಸ್ ಇರುತ್ತೆ.

ಈ ಎಣಿಕೆ ನೋಡಿ ನೋಡಿ ಪಾನುಮ್ ನೆನಪಾದ. ಡೆನ್ಮಾರ್ಕಿನ ಡಾಕ್ಟರು, ಪೀಟರ್ ಪಾನುಮ್. 1846ರಲ್ಲಿ ಫ್ಯಾರೋ ದ್ವೀಪಗಳಲ್ಲಿ ದಡಾರ ಎದ್ದಾಗ ಸರ್ಕಾರ ಅವನನ್ನು ಅಲ್ಲಿಗೆ ಕಳಿಸಿತು. ವಯಸ್ಸು 25. ಅಲ್ಲಿದ್ದದ್ದು ಸುಮಾರು 7,800 ಜನ, ಮಲಗಿದ್ದು ಸುಮಾರು 6,000. ದಡಾರದ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೇರೆ ಮಾಡಿದ್ದು 1954ರಲ್ಲಿ. ಅದಕ್ಕೆ ನೂರು ವರ್ಷ ಮೊದಲು ಈ ಮನುಷ್ಯನ ಹತ್ತಿರ ಇದ್ದದ್ದು ಏನು? ದೋಣಿ, ನೋಟ್‌ಬುಕ್ಕು, ತಾರೀಕು. ಅಲ್ಲಿನ ಹಳ್ಳಿಗಳು ಒಂದಕ್ಕೊಂದು ದೂರ, ನಡುವೆ ಸಮುದ್ರ. ಯಾವ ದೋಣಿ ಯಾವತ್ತು ಬಂತು ಅಂತ ಎಲ್ಲರಿಗೂ ನೆನಪಿರುತ್ತಿತ್ತು. ಒಂದು ಹಳ್ಳಿಯ ಹತ್ತು ಗಂಡಸರು ಜೂನ್ 4ರಂದು ಬೇರೆ ಊರಿಗೆ ತಿಮಿಂಗಿಲ ಬೇಟೆಗೆ ಹೋಗಿದ್ದರು. ಜೂನ್ 18ಕ್ಕೆ ಹತ್ತೂ ಜನಕ್ಕೆ ಮೈಮೇಲೆ ಕೆಂಪು ಎದ್ದಿತು. ಹದಿನಾಲ್ಕು ದಿನ. ಹಳ್ಳಿಯಿಂದ ಹಳ್ಳಿಗೆ ಹೋಗಿ ಕೇಳಿದರೂ ಹೆಚ್ಚು ಕಡಿಮೆ ಅಷ್ಟೇ ಬಂತು. ಅಲ್ಲಿ ಹಿಂದಿನ ಸಲ ದಡಾರ ಬಂದಿದ್ದು 1781ರಲ್ಲಿ. ಆಗ ಬಂದು ಬದುಕಿ ಉಳಿದಿದ್ದ ಮುದುಕರಿಗೆ 65 ವರ್ಷದ ಮೇಲೂ ಮತ್ತೆ ಬರಲಿಲ್ಲ. ಒಮ್ಮೆ ಬಂದರೆ ಮತ್ತೆ ಬರಲ್ಲ ಅನ್ನೋದನ್ನ ಅವನು ಹೀಗೆ ಬರೀ ಕೇಳಿ ಕೇಳಿಯೇ ತೋರಿಸಿಕೊಟ್ಟ. ಅತ್ತೆಯ ನೆನಪಿನ ದಾಖಲೆಗೂ ಇದಕ್ಕೂ ನನಗೇನೂ ವ್ಯತ್ಯಾಸ ಕಾಣಲಿಲ್ಲ.

ತಾರೀಕು ತಪ್ಪಿದರೆ ಟೆಸ್ಟೂ ಸುಳ್ಳು ಹೇಳುತ್ತೆ. ಇದನ್ನ ಹೋದ ವರ್ಷ ತಮ್ಮನ ಜ್ವರದಲ್ಲಿ ಕಲಿತೆವು. ಜ್ವರ ಬಂದ ಎರಡನೇ ದಿನವೇ ಅವನು ಯಾರನ್ನೂ ಕೇಳದೆ ಒಂದು ಲ್ಯಾಬಿಗೆ ಹೋಗಿ ಡೆಂಗಿ ಟೆಸ್ಟ್ ಮಾಡಿಸಿಕೊಂಡ. ಅಲ್ಲಿ ಮಾಡಿದ್ದು ಪ್ರತಿಕಾಯದ ಪರೀಕ್ಷೆ. ನೆಗೆಟಿವ್. ಮನೆಯವರೆಲ್ಲ ನಿರಾಳ. ಪ್ರತಿಕಾಯ ರಕ್ತದಲ್ಲಿ ಕಾಣಿಸಿಕೊಳ್ಳೋಕೆ ನಾಲ್ಕೈದು ದಿನ ಬೇಕು. ಮೊದಲ ದಿನಗಳಲ್ಲಿ ನೋಡಬೇಕಾದದ್ದು ಎನ್‌ಎಸ್1, ಅಂದರೆ ವೈರಸ್ಸಿನದೇ ತುಣುಕು. ಐದನೇ ದಿನ ಜ್ವರ ಇಳಿಯಿತು. ಗುಣವಾಯಿತು ಅಂತ ಖುಷಿಪಟ್ಟೆವು. ಅವತ್ತೇ ರಾತ್ರಿ ಹೊಟ್ಟೆನೋವು, ವಾಂತಿ, ಕೈಕಾಲು ತಣ್ಣಗೆ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಹೆಚ್ಚು ಎಚ್ಚರ ಇರಬೇಕಾದ ಹೊತ್ತು, ಆಗಲೇ ರಕ್ತನಾಳಗಳಿಂದ ನೀರು ಸೋರುವುದು. ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆಯೂ ಅದೇ: ಜ್ವರ ಶುರುವಾಗಿದ್ದು ಯಾವತ್ತು? ನಮ್ಮಲ್ಲಿ ಮೂರು ಜನ ಮೂರು ಉತ್ತರ ಹೇಳಿದೆವು.

ಅವನು ಉಳಿದ. ಅವತ್ತಿಂದ ಫ್ರಿಜ್ಜಿನ ಬಾಗಿಲ ಮೇಲಿನ ಕ್ಯಾಲೆಂಡರಿನಲ್ಲಿ ಯಾರಿಗೆ ಮೈ ಬೆಚ್ಚಗಾದರೂ ಬರೆಯುತ್ತೇನೆ. ಹೊತ್ತು, ಎಷ್ಟು ಡಿಗ್ರಿ, ಯಾವ ಮಾತ್ರೆ. ಇವರು ನಗುತ್ತಾರೆ, ನಗಲಿ. ಆ್ಯಂಟಿಬಯೋಟಿಕ್ ಅನ್ನು ಮೊದಲೇ ನುಂಗಿ ಆಮೇಲೆ ಟೈಫಾಯಿಡಿಗೆ ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿನ ರೋಗಾಣು ಬೆಳೆಸಿ ನೋಡೋ ಪರೀಕ್ಷೆಗೆ ಕೊಟ್ಟರೆ ಅಲ್ಲಿ ಏನೂ ಬೆಳೆಯದೇ ಹೋಗಬಹುದು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಕ್ಷಯ ಇದೆಯಾ ನೋಡಬೇಕು. ಇವೆಲ್ಲಕ್ಕೂ ಶುರುವಾದ ದಿನ ಗೊತ್ತಿರಬೇಕು ಅಲ್ವಾ?

ಕೆಲವು ಸಲ ಕಾಯಿಲೆ ತಡ ಮಾಡುವುದೇ ನಮಗೆ ಲಾಭ. ಹುಚ್ಚುನಾಯಿ ಕಡಿತದ ರೇಬೀಸ್ ಸಾಮಾನ್ಯವಾಗಿ ಎರಡು ಮೂರು ತಿಂಗಳು ತೆಗೆದುಕೊಂಡು ನರದ ದಾರಿಯಲ್ಲಿ ಮಿದುಳಿಗೆ ಹೋಗುತ್ತೆ. ಅದಕ್ಕೇ ಕಚ್ಚಿದ ಮೇಲೆ ಲಸಿಕೆ ಹಾಕಿದರೂ ಕೆಲಸ ಮಾಡುತ್ತೆ. 1885ರ ಜುಲೈ 6ರಂದು ಫ್ರಾನ್ಸಿನ ವಿಜ್ಞಾನಿ ಪಾಶ್ಚರ್ ಒಂಬತ್ತು ವರ್ಷದ ಹುಡುಗನಿಗೆ ಅದನ್ನ ಕೊಡಿಸಿದ್ದು ಕಚ್ಚಿ ಎರಡು ದಿನ ಆದ ಮೇಲೆ. ಹುಡುಗ ಬದುಕಿದ. ಹಾಗಂತ ಕಾಯೋ ಹಾಗಿಲ್ಲ. ಮುಖಕ್ಕೆ ಕಚ್ಚಿದರೆ ದಾರಿ ಚಿಕ್ಕದು. ಮೊದಲು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆಯಬೇಕು, ಆಮೇಲೆ ಓಡಬೇಕು.

ಇವರು ಸಂಜೆಯಿಂದ ಸ್ಯಾನಿಟೈಸರ್ ಬಾಟಲಿ ಹಿಡಿದು ಮನೆಯ ಚಿಲಕಗಳನ್ನೆಲ್ಲ ಒರೆಸುತ್ತಿದ್ದಾರೆ. ಬೇಡ ಅನ್ನಲಿಲ್ಲ, ಅವರಿಗೂ ಏನಾದರೂ ಮಾಡಬೇಕು. ಆದರೆ ಇದು ಗುಳ್ಳೆಯ ನೀರಿನಿಂದ ಹರಡುವ ಹಾಗೆ ಗಾಳಿಯಲ್ಲೂ ಹರಡುತ್ತೆ, ಒಂದೇ ಕೋಣೆಯಲ್ಲಿ ಕೂತರೂ ಸಾಕು. ಕಿಟಕಿ ತೆಗೆದಿಟ್ಟೆ. ವಾಂತಿಭೇದಿ ತರುವ ನೊರೊವೈರಸ್ಸಿಗಂತೂ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರೇ ಬೇಕು. ಅದನ್ನ ಇವತ್ತು ಹೇಳಿದರೆ ಜಗಳ ಆಗುತ್ತೆ.

ಔಷಧಿ ಅಂತ ಜಾಸ್ತಿ ಏನಿಲ್ಲ. ಜ್ವರಕ್ಕೆ ಪ್ಯಾರಸಿಟಮಾಲ್. ಆಸ್ಪಿರಿನ್ ಕೊಡಲೇಬಾರದು, ಮಕ್ಕಳಲ್ಲಿ ಲಿವರ್, ಮಿದುಳಿಗೆ ಪೆಟ್ಟು ಕೊಡುವ ರೇ ಸಿಂಡ್ರೋಮ್ ಆಗಬಹುದು. ಐಬುಪ್ರೊಫೆನ್ ಕೂಡ ಬೇಡ ಅಂದರು. ಇದು ವೈರಸ್, ಹಾಗಾಗಿ ಆ್ಯಂಟಿಬಯೋಟಿಕ್ ಬೇಡ. ಕೆರೆದು ಗುಳ್ಳೆ ಕೀವು ತುಂಬಿದರೆ ಮಾತ್ರ ಆಗ ನೋಡೋಣ ಅಂದರು. ಉಸಿರಾಟಕ್ಕೆ ಕಷ್ಟವಾದರೆ, ತುಂಬ ಮಂಪರು ಬಂದರೆ ತಕ್ಷಣ ಕರೆದುಕೊಂಡು ಬರಬೇಕಂತೆ. ಈ ವೈರಸ್ ಹೋಗುವುದೂ ಇಲ್ಲ, ನರಗಳಲ್ಲಿ ಮಲಗಿರುತ್ತೆ. ಅಪ್ಪನಿಗೆ ಅರವತ್ತು ದಾಟಿದ ಮೇಲೆ ಸರ್ಪಸುತ್ತು ಆಗಿತ್ತಲ್ಲ, ಅದೇ ಇದು, ಐವತ್ತು ವರ್ಷ ಮಲಗಿ ಎದ್ದದ್ದು.

ಮಲಗೋ ಮೊದಲು ಅವಳ ಹತ್ತೂ ಬೆರಳಿನ ಉಗುರು ಕತ್ತರಿಸಿದೆ. ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಕಟ್ಟೋವರೆಗೆ ಶಾಲೆ ಇಲ್ಲ ಅಂದಾಗ ಮೊದಲು ಖುಷಿಪಟ್ಟಳು. ಆಮೇಲೆ ಯೋಚಿಸಿ ಕೇಳಿದಳು: "ಅಮ್ಮಾ, ಪಾಪುಗೂ ನಾನೇ ಕೊಟ್ನಾ?"

ಗೊತ್ತಿಲ್ಲ ಪುಟ್ಟಾ, ನಾಳೆ ಗೊತ್ತಾಗುತ್ತೆ ಅಂದೆ.

ಕ್ಯಾಲೆಂಡರಿನಲ್ಲಿ ಜುಲೈ 20ರಿಂದ ಆಗಸ್ಟ್ 1ರವರೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ಗುರುವಾರ, ಶುಕ್ರವಾರ ಅವಳಿಂದ ಯಾರಿಗಾದರೂ ತಾಗಿದ್ದರೆ ಗುಳ್ಳೆ ಏಳುವ ದಿನಗಳು ಅವು. ಎದುರುಮನೆಯ ಲೈಟು ಇನ್ನೂ ಉರಿಯುತ್ತಿದೆ. ರಿಪೋರ್ಟ್ ನಾಳೆ ಹನ್ನೊಂದಕ್ಕೆ.