ಹಳೆಯ ಕಂಪ್ಯೂಟರ್‌ಗಳ ವೇಗ: ಬೆಂಚ್‌ಮಾರ್ಕ್ ಅಂಕಿ ಅಳೆಯುವುದೇನನ್ನು?

ಹಳೆಯ ಪರ್ಸನಲ್ ಕಂಪ್ಯೂಟರ್‌ಗಳನ್ನು ರಿಪೇರಿ ಮಾಡಿ ಜೋಪಾನವಾಗಿಟ್ಟುಕೊಳ್ಳುವ ಹವ್ಯಾಸಿಗಳು ಸೇರಿದಲ್ಲೆಲ್ಲ ಬೆಂಚ್‌ಮಾರ್ಕ್ (ವೇಗ ಪರೀಕ್ಷೆ) ಅಂಕಿಗಳ ಮಾತು ಬಂದೇ ಬರುತ್ತದೆ. ಯಾವ ಯಂತ್ರದಲ್ಲಿ ನಾರ್ಟನ್ ಎಸ್‌ಐ, ಲ್ಯಾಂಡ್‌ಮಾರ್ಕ್‌ನಂಥ ವೇಗ ಅಳೆಯುವ ಪ್ರೋಗ್ರಾಂಗಳು ಎಷ್ಟು ತೋರಿಸಿದವು ಎಂದು ಪಟ್ಟಿ ಮಾಡುವುದು ನನಗೂ ಬಲು ಇಷ್ಟ. ಆದರೆ ಆ ಪರೀಕ್ಷೆ ಪ್ರೊಸೆಸರ್‌ನಿಂದ ಯಾವ ಕೆಲಸ ಮಾಡಿಸಿತು ಎಂಬುದನ್ನು ತಿಳಿಯದೆ ಬೇರೆ ಬೇರೆ ಪೀಳಿಗೆಯ ಯಂತ್ರಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ, ಸಿಗುವ ಅನುಪಾತವನ್ನು ನಂಬುವಂತಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

1981ರ ಐಬಿಎಂ ಪಿಸಿಯಲ್ಲಿದ್ದ ಇಂಟೆಲ್ 8088 ಪ್ರೊಸೆಸರ್‌ನ ಕ್ಲಾಕ್, ಅಂದರೆ ಅದರ ಕೆಲಸಕ್ಕೆ ತಾಳ ಹಾಕುವ ಮಿಡಿತ, 4.77 ಮೆಗಾಹರ್ಟ್ಸ್ (ಸೆಕೆಂಡಿಗೆ 47.7 ಲಕ್ಷ ಮಿಡಿತ). ನಾರ್ಟನ್ ಎಸ್‌ಐ ಅದೇ ಪ್ರೊಸೆಸರ್ ಇರುವ ಪಿಸಿ-ಎಕ್ಸ್‌ಟಿಯ ವೇಗವನ್ನು 1.0 ಎಂದು ಹಿಡಿದು, ಮಿಕ್ಕ ಯಂತ್ರಗಳಿಗೆ ಅದಕ್ಕೆ ಹೋಲಿಸಿ ಸೂಚ್ಯಂಕ ಕೊಡುತ್ತಿತ್ತು. ತೊಂದರೆ ಶುರುವಾಗುವುದು ಈ ಅಳತೆಗೋಲಿನಲ್ಲೇ. 8088ರ ಒಳಗೆ 16 ಬಿಟ್‌ನ ಲೆಕ್ಕ ನಡೆಯುತ್ತದೆಯಾದರೂ ಮೆಮೊರಿಯ ಕಡೆಗಿನ ಬಸ್ (ದತ್ತಾಂಶ ಸಾಗುವ ದಾರಿ) 8 ಬಿಟ್‌ನದು. ಒಂದು ಬೈಟ್ ತರಲು ಕನಿಷ್ಠ 4 ಕ್ಲಾಕ್ ಬೇಕಾಗುವುದರಿಂದ, ಸೆಕೆಂಡಿಗೆ ಸುಮಾರು 12 ಲಕ್ಷ ಬೈಟ್‌ಗಳಿಗಿಂತ ಹೆಚ್ಚು ಅದು ಓದಲಾರದು. ಒಂದು ರಿಜಿಸ್ಟರ್‌ನಿಂದ (ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹ ಸ್ಥಾನ) ಇನ್ನೊಂದಕ್ಕೆ ಮೌಲ್ಯ ನಕಲಿಸುವ ಇನ್‌ಸ್ಟ್ರಕ್ಷನ್‌ಗೆ ಕೈಪಿಡಿ 2 ಕ್ಲಾಕ್ ಎನ್ನುತ್ತದೆ. ಆದರೆ ಎರಡು ಬೈಟ್ ಉದ್ದದ ಆ ಇನ್‌ಸ್ಟ್ರಕ್ಷನ್ ಮೆಮೊರಿಯಿಂದ ಬರುವುದಕ್ಕೇ 8 ಕ್ಲಾಕ್ ಹಿಡಿಯುತ್ತದೆ. ಇದಕ್ಕೆ ತದ್ವಿರುದ್ಧವಾಗಿ 16 ಬಿಟ್‌ನ ಗುಣಾಕಾರಕ್ಕೆ 8088 ತನ್ನೊಳಗೇ 118ರಿಂದ 133 ಕ್ಲಾಕ್ ವ್ಯಯಿಸುತ್ತದೆ.

ಈಗ 1984ರ ಪಿಸಿ-ಎಟಿಯ 80286 ಅನ್ನು ಪಕ್ಕಕ್ಕಿಡೋಣ. ಅದೇ ಗುಣಾಕಾರ ಅದರಲ್ಲಿ 21 ಕ್ಲಾಕ್‌ಗಳಲ್ಲಿ ಮುಗಿಯುತ್ತದೆ, ಅಂದರೆ ಪ್ರತಿ ಕ್ಲಾಕ್‌ಗೆ ಆರು ಪಟ್ಟಿನಷ್ಟು ಲಾಭ. ಮೆಮೊರಿಯ ವಿಷಯಕ್ಕೆ ಬಂದರೆ, ಒಂದು ವೇಟ್ ಸ್ಟೇಟ್ (ಮೆಮೊರಿಗಾಗಿ ಕಾಯುವ ಹೆಚ್ಚುವರಿ ಕ್ಲಾಕ್) ಸೇರಿ 3 ಕ್ಲಾಕ್‌ಗಳಲ್ಲಿ ಎರಡು ಬೈಟ್ ಸಿಗುತ್ತವೆ. 8088ಕ್ಕೆ ಇದೇ ಎರಡು ಬೈಟ್‌ಗಳಿಗೆ 8 ಕ್ಲಾಕ್ ಬೇಕಿದ್ದುದರಿಂದ ಇಲ್ಲಿನ ಲಾಭ ಎರಡೂಮುಕ್ಕಾಲು ಪಟ್ಟನ್ನೂ ಮುಟ್ಟುವುದಿಲ್ಲ. ಗುಣಾಕಾರ, ಭಾಗಾಕಾರಗಳೇ ತುಂಬಿದ ಪರೀಕ್ಷೆ ಮೊದಲ ಅನುಪಾತದತ್ತ ವಾಲುತ್ತದೆ. ದೊಡ್ಡ ಕಡತದಲ್ಲಿ ಪದ ಹುಡುಕುವಂಥ ಕೆಲಸ ಎರಡನೆಯದರತ್ತ ವಾಲುತ್ತದೆ. ಎನ್‌ಇಸಿ ಕಂಪನಿಯ ವಿ20 ಚಿಪ್ಪಿನ ಕಥೆಯೂ ಇದೇ. ಅದನ್ನು 8088ರ ಸಾಕೆಟ್‌ನಲ್ಲೇ ಕೂರಿಸಬಹುದು, ಗುಣಾಕಾರವನ್ನು ಅದು ಬಹಳ ಬೇಗ ಮುಗಿಸುತ್ತದೆ, ಹಾಗಾಗಿ ನಾರ್ಟನ್ ಸೂಚ್ಯಂಕ ಥಟ್ಟನೆ ಮೇಲೇರುತ್ತದೆ. ಬಸ್ ಮಾತ್ರ ಹಿಂದಿನಂತೆ ಬೈಟ್‌ಗೆ 4 ಕ್ಲಾಕ್‌ನ ಗತಿಯಲ್ಲೇ ಇರುವುದರಿಂದ ದಿನನಿತ್ಯದ ಕೆಲಸದಲ್ಲಿ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಆದರೂ ವಿ20 ಒಳ್ಳೆಯ ಚಿಪ್ಪು, ಸಿಕ್ಕರೆ ಬಿಡಬೇಡಿ.

ಲಿನಕ್ಸ್ ಬೂಟ್ ಆಗುವಾಗ ತೋರಿಸುವ ಬೋಗೋಮಿಪ್ಸ್ ಅಂಕಿಯನ್ನಂತೂ ಹೋಲಿಕೆಗೆ ಬಳಸಲೇಬಾರದು. ಅದು ವಿಳಂಬದ ಒಂದು ಪುಟ್ಟ ಲೂಪ್ ಎಷ್ಟು ಬಾರಿ ಸುತ್ತುತ್ತದೆ ಎಂಬ ಲೆಕ್ಕವಷ್ಟೆ. ಇಂಟೆಲ್ 486 ಪ್ರೊಸೆಸರ್‌ನಲ್ಲಿ ಅದು ಕ್ಲಾಕ್‌ನ ಅರ್ಧದಷ್ಟು, ಮೊದಲ ಪೆಂಟಿಯಮ್‌ಗಳಲ್ಲಿ 0.4ರಷ್ಟು ಬರುತ್ತದೆ. ಇದನ್ನು ನಂಬಿದರೆ 66 ಮೆಗಾಹರ್ಟ್ಸ್‌ನ 486 ಡಿಎಕ್ಸ್2 ಅದೇ ಕ್ಲಾಕ್‌ನ ಪೆಂಟಿಯಮ್‌ಗಿಂತ ವೇಗದ್ದು ಎನ್ನಬೇಕಾಗುತ್ತದೆ.

ನನ್ನನ್ನು ಹೆಚ್ಚು ಕಾಡುವ ಉದಾಹರಣೆ ಸೈರಿಕ್ಸ್ ಕಂಪನಿಯ 6x86 ಪ್ರೊಸೆಸರ್. ಅದರ ಪಿ166+ ಮಾದರಿಯ ನಿಜವಾದ ಕ್ಲಾಕ್ 133 ಮೆಗಾಹರ್ಟ್ಸ್. 166 ಎಂಬುದು ವಿನ್‌ಸ್ಟೋನ್ ಪರೀಕ್ಷೆಯಲ್ಲಿ ಯಾವ ಪೆಂಟಿಯಮ್‌ಗೆ ಸಮನಾಗುತ್ತದೆ ಎಂಬುದನ್ನು ಸೂಚಿಸುವ ಅಂಕಿ. ವಿನ್‌ಸ್ಟೋನ್ ಕಚೇರಿ ಬಳಕೆಯ ವಿಂಡೋಸ್ ಪ್ರೋಗ್ರಾಂಗಳನ್ನು ಓಡಿಸಿ ಅಳೆಯುತ್ತಿತ್ತು. ಪೂರ್ಣಾಂಕಗಳ ಆ ಕೆಲಸದಲ್ಲಿ ಸೈರಿಕ್ಸ್ ಗಟ್ಟಿಯಾಗಿತ್ತು, ಆದ್ದರಿಂದ ಆ ಹೆಸರಿನಲ್ಲಿ ಸುಳ್ಳಿರಲಿಲ್ಲ. ಆದರೆ 1996ರಲ್ಲೇ ಕ್ವೇಕ್ ಆಟ ಬಂತು. ಅದು ಪರದೆಯ ಮೇಲಿನ ಪ್ರತಿ 16 ಪಿಕ್ಸೆಲ್‌ಗಳಿಗೊಮ್ಮೆ ಫ್ಲೋಟಿಂಗ್ ಪಾಯಿಂಟ್ (ದಶಮಾಂಶ ಸಂಖ್ಯೆಗಳ) ಭಾಗಾಕಾರ ಮಾಡುತ್ತಿತ್ತು, ಮತ್ತು ಆ ಭಾಗಾಕಾರ ಹಿನ್ನೆಲೆಯಲ್ಲಿ ಸಾಗುತ್ತಿರುವಾಗಲೇ ಪೂರ್ಣಾಂಕ ಘಟಕ ಪಿಕ್ಸೆಲ್‌ಗಳನ್ನು ಬರೆಯುವಂತೆ ಪೆಂಟಿಯಮ್‌ನ ಒಳರಚನೆಗೆ ಹೊಂದಿಸಿಯೇ ಅದನ್ನು ಬರೆಯಲಾಗಿತ್ತು. ಸೈರಿಕ್ಸ್‌ನ ಫ್ಲೋಟಿಂಗ್ ಪಾಯಿಂಟ್ ಘಟಕದಲ್ಲಿ ಪೈಪ್‌ಲೈನ್, ಅಂದರೆ ಒಂದು ಲೆಕ್ಕ ಮುಗಿಯುವ ಮೊದಲೇ ಇನ್ನೊಂದನ್ನು ಶುರುಮಾಡುವ ವ್ಯವಸ್ಥೆ, ಇರಲಿಲ್ಲ. ಹೀಗಾಗಿ ಕಚೇರಿಯ ಕೆಲಸದಲ್ಲಿ ಪೆಂಟಿಯಮ್ 166ಕ್ಕೆ ಹೆಗಲೆಣೆಯಾಗಿದ್ದ ಪ್ರೊಸೆಸರ್ ಕ್ವೇಕ್‌ನಲ್ಲಿ ಬಹಳ ಹಿಂದೆ ಬಿತ್ತು. ಅದೇ ಚಿಪ್ಪು, ಅದೇ ಕ್ಲಾಕ್, ಎರಡು ಪ್ರಾಮಾಣಿಕ ಪರೀಕ್ಷೆಗಳು, ಎರಡು ತೀರ್ಪುಗಳು. ಸೈರಿಕ್ಸ್ ಕಳಪೆ ಎಂದು ಇಂದಿಗೂ ಹೇಳುವವರು ಒಂದೇ ತೀರ್ಪನ್ನು ಓದಿದವರು ಎಂದು ನನಗನ್ನಿಸುತ್ತದೆ.

ಸಮಯ ಅಳೆಯುವ ಕ್ರಮವೂ ಮುಖ್ಯ. ಪಿಸಿಯ ಟೈಮರ್ ಸೆಕೆಂಡಿಗೆ ಸುಮಾರು 18.2 ಬಾರಿ ಮಿಡಿಯುತ್ತದೆ, ಅಂದರೆ ಒಂದು ಮಿಡಿತಕ್ಕೆ 55 ಮಿಲಿಸೆಕೆಂಡ್. ಇದನ್ನೇ ನೆಚ್ಚಿಕೊಂಡ ಪರೀಕ್ಷೆ ಕೆಲವೇ ಮಿಡಿತಗಳಲ್ಲಿ ಮುಗಿದರೆ ಫಲಿತಾಂಶ ಒರಟಾಗಿರುತ್ತದೆ. ಟರ್ಬೊ ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಎಷ್ಟೋ ಪ್ರೋಗ್ರಾಂಗಳು ಪೆಂಟಿಯಮ್ 2ರಂಥ ಯಂತ್ರಗಳಲ್ಲಿ 'ರನ್‌ಟೈಮ್ ಎರರ್ 200' ತೋರಿಸಿ ನಿಂತುಬಿಡುವುದಕ್ಕೂ ಇದರ ನಂಟಿದೆ: ಒಂದು ಮಿಡಿತದೊಳಗೆ ಲೂಪ್ ಎಷ್ಟು ಸುತ್ತು ಹೊಡೆಯಿತೆಂದು ಎಣಿಸಿ 55ರಿಂದ ಭಾಗಿಸಿದಾಗ, ಉತ್ತರ 16 ಬಿಟ್‌ನಲ್ಲಿ ಹಿಡಿಸದಷ್ಟು ದೊಡ್ಡದಾಗುತ್ತದೆ.

ಆದ್ದರಿಂದ ನಾನು ಯಾವುದೇ ಅಂಕಿಯ ಜೊತೆಗೆ ಯಂತ್ರದ ವೇಗ ಬದಲಿಸುವ ಟರ್ಬೊ ಸ್ವಿಚ್ಚಿನ ಸ್ಥಿತಿ, ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಕ್ಯಾಶ್ (ಪ್ರೊಸೆಸರ್ ಬಳಿಯ ವೇಗದ ಮೆಮೊರಿ) ಮತ್ತು ವೇಟ್ ಸ್ಟೇಟ್ ಹೇಗಿವೆ ಎಂಬುದು, ಡಾಸ್‌ನ ಮೆಮೊರಿ ನಿರ್ವಹಣೆಯ ಪ್ರೋಗ್ರಾಂ ಆದ ಇಎಂಎಂ386 ಲೋಡ್ ಆಗಿತ್ತೇ ಇಲ್ಲವೇ ಎಂಬುದನ್ನೂ ಬರೆದಿಡುತ್ತೇನೆ. 386 ಮತ್ತು 486 ಯಂತ್ರಗಳಿಗೆ ನನಗೆ ಮೆಚ್ಚುಗೆಯಾದ ಪರೀಕ್ಷೆ ಡೂಮ್ ಆಟದ ಮೂರನೆಯ ಡೆಮೊ. ಅದರಲ್ಲಿರುವ 2134 ಫ್ರೇಮ್‌ಗಳನ್ನು 35ರಿಂದ ಗುಣಿಸಿ, ಕೊನೆಯಲ್ಲಿ ಪರದೆಯ ಮೇಲೆ ಬರುವ ಸಂಖ್ಯೆಯಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದು ತಿಳಿಯುತ್ತದೆ. ಇಲ್ಲಿ ವಿಡಿಯೊ ಕಾರ್ಡ್‌ನ ಪಾಲೂ ದೊಡ್ಡದು. ಐಸಾ ಎಂಬ ಹಳೆಯ ಬಗೆಯ ಸ್ಲಾಟ್‌ನ ನಿಧಾನದ ಕಾರ್ಡ್ ಒಳ್ಳೆಯ 486 ಅನ್ನೂ ಕಟ್ಟಿಹಾಕುತ್ತದೆ. ಎರಡು ಪ್ರೊಸೆಸರ್‌ಗಳನ್ನು ಹೋಲಿಸುವಾಗ ಸಾಧ್ಯವಿದ್ದಲ್ಲೆಲ್ಲ ಒಂದೇ ಕಾರ್ಡನ್ನು ಎರಡೂ ಯಂತ್ರಗಳಿಗೆ ಹಾಕಿ ಅಳೆಯಿರಿ.