ಅಮ್ಮ ಕೇಳಿಸಿಕೊಂಡ ಸದ್ದು

ಅರ್ಧ ಗಂಟೆ ನೋಡಿ ಮಲಗೋಣವೆಂದು ಹಾಕಿದ ಸಿನಿಮಾ ನಿನ್ನೆ ರಾತ್ರಿ ಒಂದು ಗಂಟೆಯವರೆಗೂ ಕೂರಿಸಿತು. ನ್ಯೂಜಿಲೆಂಡಿನ ‘ಹೌಸ್‌ಬೌಂಡ್’, 2014ರದ್ದು. ಮುಂದೆ ‘ಮೇಗನ್’ ಮಾಡಿದ ಜೆರಾರ್ಡ್ ಜಾನ್‌ಸ್ಟೋನ್ ಇದರ ನಿರ್ದೇಶಕ. ಇಷ್ಟು ವರ್ಷ ಯಾರೂ ಇದರ ಹೆಸರನ್ನೇ ಎತ್ತಲಿಲ್ಲವಲ್ಲ!

ಎಟಿಎಂ ದೋಚಲು ಹೋಗಿ ಸಿಕ್ಕಿಬಿದ್ದ ಕೈಲಿ ಎಂಬ ಯುವತಿಗೆ ಎಂಟು ತಿಂಗಳ ಗೃಹಬಂಧನ. ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ, ಜೊತೆಗೆ ಬಾಯಿ ಮುಚ್ಚದ ಅಮ್ಮ. ಒಂದು ದಿನ ರೇಡಿಯೋ ಕೇಳುತ್ತಿರುವಾಗ ಯಾರೋ ಕರೆಮಾಡಿ ತಮ್ಮ ಮನೆಯ ದೆವ್ವದ ಕಥೆ ಹೇಳುತ್ತಾರೆ. ದನಿ ಅಮ್ಮನದೇ! ಕೈಲಿಯ ಮುಖ ನೋಡಿ ನಾನು ಬಿದ್ದುಬಿದ್ದು ನಕ್ಕೆ. ಆಕೆಯ ಮೇಲೆ ನಿಗಾ ಇಡಬೇಕಾದ ಭದ್ರತಾ ಸಿಬ್ಬಂದಿ ಏಮಸ್‌ಗೋ ದೆವ್ವ ಹುಡುಕುವ ಹುಚ್ಚು.

ಅರ್ಧದಾರಿಯಲ್ಲಿ ಚಿತ್ರ ಮಗ್ಗುಲು ಬದಲಿಸುತ್ತದೆ. ಭಯದ ಮೂಲವೇ ಬೇರೆಡೆಗೆ ಸರಿಯುತ್ತದೆ. ಹೆಚ್ಚು ಹೇಳಲಾರೆ, ನೀವೇ ನೋಡಬೇಕು. ಆದರೆ ನಗು ಎಲ್ಲಿಯೂ ಬತ್ತುವುದಿಲ್ಲ, ಅದೇ ನನಗೆ ಬೆರಗು.

ಮೊದಲು ತಮಾಷೆಯಾಗಿ ಕಂಡ ಅಮ್ಮ ಕೊನೆಗೆ ಮನಸ್ಸಿನಲ್ಲಿ ಉಳಿದಳು. ರೀಮಾ ಟೆ ವಿಯಾಟಾ ಎಂಥ ನಟಿ! ಚಿತ್ರದ ಆ ಅಮ್ಮನಿಗೆ ನಿಜವಾಗಿಯೂ ಸದ್ದು ಕೇಳಿಸಿತ್ತು, ನಂಬುವವರಿರಲಿಲ್ಲ ಅಷ್ಟೇ. ಊರಿನಲ್ಲಿ ನಮ್ಮಮ್ಮನೂ ಅಟ್ಟದಲ್ಲಿ ಏನೋ ಸದ್ದು ಎಂದು ಎರಡು ಬಾರಿ ಫೋನಿನಲ್ಲಿ ಹೇಳಿದ್ದಳು. ಈ ಭಾನುವಾರ ಹೋಗಿ ಹತ್ತಿ ನೋಡಿಬರುತ್ತೇನೆ.